ಹವಾ ಬದಲಾವಣೆ

"ನಾಲ್ಕು ದಿನ ಹವಾ ಬದಲಾಯಿಸಿಕೊಂಡು ಬನ್ನಿ." ನಮ್ಮ ತಾಯಂದಿರ ಕಾಲದ ವೈದ್ಯರು ಔಷಧಿ ಚೀಟಿ ಬರೆದ ಮೇಲೆ ಇದೊಂದು ಮಾತನ್ನೂ ಸೇರಿಸಿ ಕಳಿಸುತ್ತಿದ್ದರು. ಈಗ ಆ ಮಾತು ಅಪರೂಪವಾಗಿದೆ. ಇತಿಹಾಸ ಪಾಠ ಹೇಳುವವಳಾದ ನನಗೆ ಈ ಪುಟ್ಟ ಮಾತಿನ ಹಿಂದೆ ದೊಡ್ಡದೊಂದು ಚರಿತ್ರೆಯೇ ಇದೆ ಎನಿಸುತ್ತದೆ. ಅದರಲ್ಲಿ ಜಳ್ಳೆಷ್ಟು, ಕಾಳೆಷ್ಟು ಎಂದು ಕೇರಿ ನೋಡುವುದು ದೊಡ್ಡಬಳ್ಳಾಪುರ, ದೇವನಹಳ್ಳಿಗಳಂಥ ನಮ್ಮ ಊರುಗಳವರಿಗೆ ಈಗ ಅಗತ್ಯವೂ ಆಗಿದೆ.

ನಮ್ಮ ಕಡೆಯ ದಿಗಂತದಲ್ಲಿ ಸದಾ ಕಾಣುವ ನಂದಿಬೆಟ್ಟವನ್ನೇ ತೆಗೆದುಕೊಳ್ಳಿ. ಸುಮಾರು 4,850 ಅಡಿ ಎತ್ತರದ ಆ ಬೆಟ್ಟದ ಮೇಲೆ ಕಮೀಷನರ್ ಮಾರ್ಕ್ ಕಬ್ಬನ್ನರಿಗೆ ಬೇಸಿಗೆ ಮನೆಯಿತ್ತು. 1927ರಲ್ಲಿ ಕಾಯಿಲೆ ಬಿದ್ದ ಗಾಂಧೀಜಿ ಏಪ್ರಿಲಿನಿಂದ ಜೂನ್‌ವರೆಗೆ ಅಲ್ಲಿಯೇ ತಂಗಿ ಸುಧಾರಿಸಿಕೊಂಡರು. ಆದರೆ ದೊಡ್ಡವರಿಗೆ ಸಿಕ್ಕ ಬೆಟ್ಟದ ಗಾಳಿ ಪೇಟೆಯ ಬಡವರಿಗೆ ಸಿಗುವ ಬಗೆ ಹೇಗೆ?

ಆ ಪ್ರಶ್ನೆಯನ್ನು ಎತ್ತಿದ್ದು ಮಾರಿಯಂತೆ ಬಂದ ಪ್ಲೇಗು. 1898ರಲ್ಲಿ ಅದು ಬೆಂಗಳೂರಿಗೆ ಕಾಲಿಟ್ಟಾಗ ಜನ ಕಿಷ್ಕಿಂಧೆಯಂಥ ಓಣಿಗಳನ್ನು ಬಿಟ್ಟು ಊರ ಹೊರಗೆ ಗುಡಿಸಲು ಹಾಕಿಕೊಂಡರು. ಆ ಭಯದಿಂದಲೇ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಬೆಳೆದವು. ಅಗಲವಾದ ರಸ್ತೆ, ಮನೆಯ ಸುತ್ತ ಬಯಲು, ಬೀದಿಗೆ ಮರ. ಪ್ಲೇಗನ್ನು ಹರಡುತ್ತಿದ್ದುದು ಇಲಿಯ ಮೈಮೇಲಿನ ಚಿಗಟವೇ ಹೊರತು ಕೆಟ್ಟ ಗಾಳಿಯಲ್ಲ. ಆದರೂ ಆ ಭಯ ಕೊಟ್ಟ ನೆರಳಿನಲ್ಲಿ ಮೂರು ನಾಲ್ಕು ತಲೆಮಾರು ಉಸಿರಾಡಿದೆ.

ಕ್ಷಯದ ಕಥೆ ಇನ್ನೂ ಕರುಣಾಜನಕ. ನಾಲ್ವಡಿ ಕೃಷ್ಣರಾಜ ಒಡೆಯರ ಸೋದರಿ ಕೃಷ್ಣಾಜಮ್ಮಣ್ಣಿಯವರು ಈ ರೋಗಕ್ಕೆ ಬಲಿಯಾದರು. ಅವರ ಹೆಸರಿನಲ್ಲಿ 1921ರಲ್ಲಿ ಮೈಸೂರಿನಲ್ಲಿ ಸ್ಯಾನಿಟೋರಿಯಂ ಆರಂಭವಾಯಿತು. ಆ ಕಾಲದ ಇಂಥ ಆಸ್ಪತ್ರೆಗಳೆಲ್ಲ ಊರಾಚೆ ಮರಗಳ ನಡುವೆ ಇರುತ್ತಿದ್ದವು. ತೆರೆದ ವರಾಂಡದಲ್ಲಿ ಮಂಚ, ವಿಶ್ರಾಂತಿ, ಹಾಲು, ಒಳ್ಳೆಯ ಗಾಳಿ, ಇಷ್ಟೇ ಚಿಕಿತ್ಸೆ. ಗಂಡಸಿಗೇನೋ ಸರಿ. ಎದೆಹಾಲು ಕುಡಿಯುವ ಕೂಸನ್ನು ಯಾರ ಕೈಗೆ ಕೊಟ್ಟು ತಾಯಿ ತಿಂಗಳುಗಟ್ಟಲೆ ಅಲ್ಲಿರಬೇಕು? ಕೆಮ್ಮನ್ನು ಸೆರಗಿನಲ್ಲಿ ಮುಚ್ಚಿಟ್ಟು ಒಲೆಯ ಮುಂದೆಯೇ ಕರಗಿಹೋದ ಹೆಂಗಸರ ಲೆಕ್ಕ ಬರೆದವರಿಲ್ಲ.

ಅವರ ಪಾಲಿಗೆ ಬಾಗಿಲು ತೆರೆದದ್ದು ಮದರಾಸು. 1956ರಲ್ಲಿ ಆರಂಭವಾದ ಅಲ್ಲಿನ ಅಧ್ಯಯನವೊಂದರಲ್ಲಿ 193 ಕ್ಷಯರೋಗಿಗಳನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ ಸ್ಯಾನಿಟೋರಿಯಂನಲ್ಲೂ ಇನ್ನೊಂದಕ್ಕೆ ಅವರ ಬಡ ಮನೆಗಳಲ್ಲೇ ಇರಿಸಿಯೂ ಒಂದೇ ಔಷಧವನ್ನು ಒಂದು ವರ್ಷ ಕೊಟ್ಟರು. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಮನೆಯಲ್ಲಿದ್ದವರೂ ಹೆಚ್ಚುಕಡಿಮೆ ಅಷ್ಟೇ ಚೆನ್ನಾಗಿ ಗುಣ ಹೊಂದಿದ್ದರು. ಅದೇ ವರ್ಷ ಬೆಂಗಳೂರಿನಲ್ಲಿ, ದೇವನಹಳ್ಳಿಗೆ ಹೋಗುವ ಬಳ್ಳಾರಿ ರಸ್ತೆಯಲ್ಲಿ, ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಅವರು 1961ರಿಂದ 1968ರವರೆಗೆ ಅಂದಿನ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳನ್ನು ಮತ್ತೆ ಮತ್ತೆ ಪರೀಕ್ಷಿಸಿದರು. ಹಸಿರಿನ ನಡುವಿದ್ದ ಆ ಹಳ್ಳಿಗಳಲ್ಲೂ ಕ್ಷಯವಿತ್ತು. ಬರಿಯ ಗಾಳಿಯಿಂದ ಕ್ಷಯ ವಾಸಿಯಾಗದು ಎಂಬುದು ಹೀಗೆ ಖಚಿತವಾಯಿತು.

ಹಾಗಾದರೆ ಹಿರಿಯರ ಮಾತು ಬರೀ ಜಳ್ಳೇ? ಅಲ್ಲ. ರೋಗವನ್ನು ಗುಣಪಡಿಸುವುದು ಬೇರೆ, ಶ್ವಾಸಕೋಶವನ್ನು ಕಾಪಾಡುವುದು ಬೇರೆ. ನಾವು ಮಾತ್ರೆ ಸಿಕ್ಕ ಸಂತೋಷದಲ್ಲಿ ಎರಡನೆಯದನ್ನು ಮರೆತೆವು. ಬೆಂಗಳೂರಿನ ಮಕ್ಕಳ ತಜ್ಞ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ಲೆಕ್ಕವಿಟ್ಟು ನೋಡಿದಾಗ, 1979ರಲ್ಲಿ ನೂರಕ್ಕೆ 9 ಮಕ್ಕಳಿಗಿದ್ದ ಉಬ್ಬಸ 1999ರ ಹೊತ್ತಿಗೆ 29.5ಕ್ಕೆ ಏರಿತ್ತು. ವಾಹನಗಳ ಹೊಗೆಯೂ ಮನೆ ಕಟ್ಟುವ ದೂಳೂ ಏರುತ್ತಿದ್ದ, ಮರಗಳು ಉರುಳುತ್ತಿದ್ದ ವರ್ಷಗಳವು.

ಮರ ಮಾಡುವ ಕೆಲಸವನ್ನು ಅಳೆದು ನೋಡಿದವರೂ ಇದ್ದಾರೆ. ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಮಾಡಿದ ಅಧ್ಯಯನ 2013ರಲ್ಲಿ ಪ್ರಕಟವಾಯಿತು. ಬೋಳು ರಸ್ತೆಗಿಂತ ಸಾಲುಮರದ ರಸ್ತೆಯಲ್ಲಿ ಮಧ್ಯಾಹ್ನದ ಸೆಕೆ 5.6 ಡಿಗ್ರಿವರೆಗೂ ಕಡಿಮೆ. ಎದೆಯನ್ನು ಕೆರಳಿಸುವ ಗಂಧಕದ ಡೈ ಆಕ್ಸೈಡ್ ಅನಿಲ ಶೇ. 65ರವರೆಗೂ ಕಡಿಮೆ. ತೇಲುವ ದೂಳೂ ಬೋಳು ರಸ್ತೆಯಲ್ಲೇ ಹೆಚ್ಚು. ಮಳೆ ಬರುವ ಮುನ್ನ ರಸ್ತೆ ಬದಿಯ ಹೊಂಗೆಯ ಎಲೆಯ ಮೇಲೆ ಒಮ್ಮೆ ಬೆರಳಾಡಿಸಿ. ಬೆರಳಿಗೆ ಹತ್ತಿದ ಕೆಂಪು ದೂಳಿನಷ್ಟು ನಿಮ್ಮ ಮಗುವಿನ ಎದೆಗೆ ಇಳಿಯುವುದು ತಪ್ಪಿತು.

ಹಸಿರೆಲ್ಲವೂ ಅಮೃತವೇನಲ್ಲ. ಖಾಲಿ ಸೈಟುಗಳಲ್ಲಿ ಬೆಳೆಯುವ ಕಾಂಗ್ರೆಸ್ ಗಿಡದ ಪರಾಗ ಎಷ್ಟೋ ಜನರಿಗೆ ಸೀನು, ತುರಿಕೆ ತರುತ್ತದೆ. ಸೌದೆ ಒಲೆಯ ಹೊಗೆಯನ್ನು ಅಂಗಳದ ಮರ ತಡೆಯಲಾರದು. ಉಬ್ಬಸದ ಮಗುವಿಗೆ ಇನ್ಹೇಲರ್ ಬೇಕೇ ಬೇಕು, ಮರ ಅದರ ಬದಲಿಯಲ್ಲ.

ನಮ್ಮ ಸೀಮೆಯ ಹಿರಿಯರು ಹವಾ ಬದಲಾವಣೆಗೆ ಬೆಟ್ಟ ಹತ್ತಬೇಕಾಗಿರಲಿಲ್ಲ. ಹಳ್ಳಿಯ ಅಂಚಿನಲ್ಲಿ ಗುಂಡುತೋಪುಗಳಿದ್ದವು. ಮಾವು, ನೇರಳೆ, ಹುಣಸೆ, ಹೊಂಗೆ ತುಂಬಿದ, ಯಾರೊಬ್ಬರದೂ ಅಲ್ಲದ ಆ ತೋಪಿನಲ್ಲಿ ಗಾಡಿಯವರು ಎತ್ತು ಬಿಚ್ಚುತ್ತಿದ್ದರು, ಮಕ್ಕಳು ಮರಕೋತಿ ಆಡುತ್ತಿದ್ದರು, ಹೆಂಗಸರು ಹೊಂಗೆಬೀಜ ಆಯುತ್ತಿದ್ದರು. 2008ರಲ್ಲಿ ದೇವನಹಳ್ಳಿಯ ಬಳಿ ವಿಮಾನ ನಿಲ್ದಾಣ ಆರಂಭವಾದ ಮೇಲೆ ನೆಲಕ್ಕೆ ಚಿನ್ನದ ಬೆಲೆ ಬಂತು. ಪಹಣಿಯಲ್ಲಿ ಗುಂಡುತೋಪು ಎಂದೇ ಬರೆದಿದ್ದರೂ ಸ್ಥಳದಲ್ಲಿ ಕಟ್ಟಡವೋ ಕಸದ ರಾಶಿಯೋ ಇರುವ ಊರುಗಳು ಒಂದೆರಡಲ್ಲ.

ಪಟ್ಟಣ ಸೇರಿದ ನಮ್ಮಲ್ಲಿ ಬಹಳ ಮಂದಿಗೆ ತವರು ಇಂಥದೇ ಹಳ್ಳಿ. ಈ ಸಲ ಹಬ್ಬಕ್ಕೆ ಹೋದಾಗ ಮಕ್ಕಳ ಕೈ ಹಿಡಿದು ತೋಪಿನವರೆಗೆ ನಡೆದು ಬನ್ನಿ. ಉಳಿದ ಮರಗಳನ್ನು ಅವರಿಂದಲೇ ಎಣಿಸಿ. ಕಡಿಮೆಯಾಗಿದ್ದರೆ ಅಣ್ಣತಮ್ಮಂದಿರಿಗೆ, ಅತ್ತಿಗೆಯರಿಗೆ ಹೇಳಿ ಗ್ರಾಮಸಭೆಯಲ್ಲಿ ಕೇಳಿಸಿ. ಅರಿಶಿನ ಕುಂಕುಮದ ಜೊತೆ ತವರಿನಿಂದ ಒಂದು ಹಿಡಿ ಒಳ್ಳೆಯ ಗಾಳಿಯನ್ನೂ ಕೇಳುವ ಹಕ್ಕು ಹೆಣ್ಣುಮಕ್ಕಳಿಗೆ ಇದ್ದೇ ಇದೆ.