ಫ್ಯುಸಿಲಿಯರ್ಸ್ ಕಮಾನು
ಐರ್ಲೆಂಡಿನ ಡಬ್ಲಿನ್ ನಗರದಲ್ಲಿ, ಸೇಂಟ್ ಸ್ಟೀಫನ್ಸ್ ಗ್ರೀನ್ ಉದ್ಯಾನದ ವಾಯವ್ಯ ಮೂಲೆಯ ಪ್ರವೇಶದ್ವಾರವಾಗಿರುವ ಯುದ್ಧಸ್ಮಾರಕ. ದಕ್ಷಿಣ ಆಫ್ರಿಕದಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರರಿಗೂ ನಡೆದ ಎರಡನೆಯ ಬೋಯರ್ ಯುದ್ಧದಲ್ಲಿ (1899-1902) ಮಡಿದ ರಾಯಲ್ ಡಬ್ಲಿನ್ ಫ್ಯುಸಿಲಿಯರ್ಸ್ ಎಂಬ ಬ್ರಿಟಿಷ್ ಕಾಲಾಳುದಳದ ಯೋಧರ ನೆನಪಿಗಾಗಿ, ರೋಮಿನ ಟೈಟಸ್ ಕಮಾನಿನ ಮಾದರಿಯಲ್ಲಿ ಗ್ರಾನೈಟ್ ಶಿಲೆಯಿಂದ ಕಟ್ಟಲಾದ ಇದು 1907ರಲ್ಲಿ ಉದ್ಘಾಟನೆಗೊಂಡಿತು. ಮಡಿದವರ ಹೆಸರುಗಳನ್ನು ಕಮಾನಿನ ಒಳಮೈಯಲ್ಲಿ ಕೆತ್ತಿರುವುದರಿಂದ ಉದ್ಯಾನದೊಳಗೆ ಹೋಗುವವರು ತಲೆಯೆತ್ತಿ ನೋಡಿದರೆ ಮಾತ್ರ ಕಾಣುತ್ತವೆ.

ಈ ದಳದ ಒಂದು ಬೇರು ಮುಂಬಯಿಯಲ್ಲಿದೆ. 1668ರಲ್ಲಿ ಮುಂಬಯಿ ದ್ವೀಪ ಈಸ್ಟ್ ಇಂಡಿಯಾ ಕಂಪನಿಯ ಕೈಸೇರಿದಾಗ ಅಲ್ಲಿದ್ದ ಇಂಗ್ಲೆಂಡಿನ ದೊರೆಯ ಸೈನಿಕರು ಕಂಪನಿಯ ಸೇವೆಗೆ ಸೇರಿ ಬಾಂಬೆ ಯುರೋಪಿಯನ್ ರೆಜಿಮೆಂಟಿಗೆ ಮೂಲವಾದರು. 1862ರಲ್ಲಿ 103ನೆಯ ರಾಯಲ್ ಬಾಂಬೆ ಫ್ಯುಸಿಲಿಯರ್ಸ್ ಎನಿಸಿದ ಆ ಪಡೆಯನ್ನು 1881ರಲ್ಲಿ ಮದರಾಸಿನ 102ನೆಯ ದಳದೊಂದಿಗೆ ಕೂಡಿಸಿ ಡಬ್ಲಿನ್ ದಳವನ್ನು ರಚಿಸಲಾಯಿತು. ಬ್ರಿಟಿಷರ ಪರ ಹೋರಾಡಿದವರ ಈ ಸ್ಮಾರಕವನ್ನು ಬೋಯರರ ಪರವಾಗಿದ್ದ ಐರಿಷ್ ರಾಷ್ಟ್ರೀಯವಾದಿಗಳು ‘ದ್ರೋಹಿಗಳ ದ್ವಾರ’ ಎಂದು ಹಂಗಿಸಿದರು. ಬ್ರಿಟಿಷ್ ಆಳ್ವಿಕೆಯ ವಿರುದ್ಧ ನಡೆದ 1916ರ ಈಸ್ಟರ್ ದಂಗೆಯ ಗುಂಡೇಟಿನ ಗುರುತುಗಳು ಅದರ ಕಲ್ಲಿನ ಮೇಲೆ ಈಗಲೂ ಉಳಿದಿವೆ. ಡಬ್ಲಿನ್ ದಳವು 1922ರಲ್ಲಿ ವಿಸರ್ಜನೆಗೊಂಡಿತು.