ಹಂದಿಗೋಡಿನ ಕಾಯಿಲೆ

ಊರಿನ ಹೆಸರು ನಾಲ್ಕು ಕಡೆ ತಿಳಿದರೆ ಊರವರಿಗೆ ಹೆಮ್ಮೆ. ಆದರೆ ಶಿವಮೊಗ್ಗ ಜಿಲ್ಲೆಯ ಎರಡು ಹಳ್ಳಿಗಳು ವೈದ್ಯಗ್ರಂಥ ಸೇರಿದ್ದು ರೋಗದ ದೆಸೆಯಿಂದ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರಿನಲ್ಲಿ ಕಂಡದ್ದು ಮಂಗನ ಕಾಯಿಲೆ. ಇನ್ನೊಂದು, ನೆರೆಯ ಸಾಗರ ತಾಲ್ಲೂಕಿನ ಹಂದಿಗೋಡಿನದು. ಮಲೆನಾಡಿನಿಂದ ಡೊಂಬಿವಲಿ, ಠಾಣೆಗಳಿಗೆ ಬಂದು ನೆಲೆಸಿದ ನಮ್ಮಲ್ಲಿ ಹಲವರು ಇದರ ಹೆಸರು ಕೇಳಿರಬಹುದು. ಇತಿಹಾಸ ತಿಳಿದವರು ಕಡಿಮೆ.

1974-75ರ ಸುಮಾರಿಗೆ ಅಲ್ಲಿನ ಚನಂಗಿ ಮತ್ತು ಚಲುವಾದಿ ಸಮುದಾಯಗಳ ಕೂಲಿಕಾರ ಕುಟುಂಬಗಳಲ್ಲಿ ಈ ಕಾಯಿಲೆ ವೈದ್ಯರ ಕಣ್ಣಿಗೆ ಬಿತ್ತು. ಸೊಂಟ, ಮೊಣಕಾಲುಗಳಲ್ಲಿ ನೋವು. ಬರಬರುತ್ತಾ ನಡಿಗೆಯೇ ಕಷ್ಟ. ಕೆಲವು ಮಕ್ಕಳು ಎತ್ತರ ಬೆಳೆಯದೆ ಕುಳ್ಳಾಗಿಯೇ ಉಳಿದರು. ಗದ್ದೆಯಲ್ಲಿ ಬಗ್ಗಿ ದುಡಿದು ಉಣ್ಣುವವರಿಗೆ ಕಾಲೇ ಹೋದರೆ ಉಳಿಯುವುದೇನು?

ಮೊದಲು ಸಂಶಯ ಬಿದ್ದದ್ದು ಗದ್ದೆಯ ಏಡಿಯ ಮೇಲೆ. ಬೆಳೆಗೆ ಹೊಡೆದ ಕೀಟನಾಶಕ ಏಡಿಯ ಮೂಲಕ ಬಡವರ ಹೊಟ್ಟೆ ಸೇರಿತೆಂದು ಹಲವರು ನಂಬಿದರು. ಆದರೆ ಮಲೆನಾಡಿನಲ್ಲಿ ಏಡಿ ತಿನ್ನುವವರು ಬೇರೆಯವರೂ ಇದ್ದಾರೆ. ಕಾಯಿಲೆಯಾದರೋ ಕೆಲವು ಮನೆತನಗಳನ್ನೇ ಹಿಡಿದಿತ್ತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಭಟ್ ಮತ್ತು ಕೃಷ್ಣಮಾಚಾರಿ 1977ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದನ್ನು ಮಲೆನಾಡಿನ ಕೌಟುಂಬಿಕ ಸಂಧಿವಾತವೆಂದು ಕರೆದರು.

ಆ ಹೆಸರೂ ಪೂರ್ತಿ ಹೊಂದಲಿಲ್ಲ. ಮುಂದೆ ಡಾ. ಎಸ್. ಎಸ್. ಅಗರವಾಲ್ ಮತ್ತು ಸಂಗಡಿಗರು ಎಕ್ಸ್-ರೇ ಚಿತ್ರಗಳನ್ನೂ ವಂಶವೃಕ್ಷಗಳನ್ನೂ ಕೂಡಿಸಿ ನೋಡಿದರು. ಮೂಲ ದೋಷ ಬರಿಯ ಊತದ್ದಲ್ಲ, ಎಲುಬಿನ ತುದಿಗಳೂ ಬೆನ್ನೆಲುಬಿನ ಮಣಿಗಳೂ ಬೆಳೆಯುವ ಕ್ರಮದ್ದು ಎಂದು 1990ರ ದಶಕದಲ್ಲಿ ವಿವರಿಸಿ, ರೋಗವನ್ನು ಮೂರು ಬಗೆಯಾಗಿ ವಿಂಗಡಿಸಿದರು. ತಂದೆ ತಾಯಿಗಳಲ್ಲಿ ಒಬ್ಬರಿಂದ ದೋಷ ಬಂದರೂ ಸಾಕು. ಪ್ರತಿಯೊಂದು ಮಗುವಿಗೂ ಅದು ದಾಟುವ ಸಂಭವ ನೂರಕ್ಕೆ 50. ಗಂಡು ಹೆಣ್ಣೆಂಬ ಭೇದವಿಲ್ಲ.

ಕಾರಣ ತಿಳಿದ ಮಾತ್ರಕ್ಕೆ ಎಲುಬು ನೆಟ್ಟಗಾಗುವುದಿಲ್ಲ. ನೋವು ತಗ್ಗಿಸುವುದು, ಕೆಲವರಿಗೆ ಕೀಲಿನ ಶಸ್ತ್ರಚಿಕಿತ್ಸೆ, ಆಸರೆ, ಇಷ್ಟೇ ದಾರಿ. ಆದರೂ ರೋಗಕ್ಕೆ ಸರಿಯಾದ ಹೆಸರು ಸಿಕ್ಕಿದ್ದರಿಂದ ದೊಡ್ಡ ಉಪಕಾರವಾಯಿತು: ಇದು ಶಾಪವಲ್ಲ, ಅಂಟುರೋಗವಲ್ಲ, ಏಡಿ ತಿಂದ ತಪ್ಪೂ ಅಲ್ಲ.

ನಮ್ಮ ಮಕ್ಕಳ ವೈದ್ಯರು ಅಜ್ಜ, ಸೋದರಮಾವಂದಿರ ಆರೋಗ್ಯ ವಿಚಾರಿಸಿದರೆ ಸಂಕೋಚಪಟ್ಟು ಮುಚ್ಚಿಡಬಾರದು. ಹಂದಿಗೋಡಿನ ಗುಟ್ಟು ಬಿಟ್ಟದ್ದು ಮನೆಯವರು ಬಾಯಿಬಿಟ್ಟು ಹೇಳಿದ ಇಂಥ ವಿವರಗಳಿಂದಲೇ.