ಉಂಗುರ ಕತ್ತರಿಸಿದ ತಗಡುಗಳು: ಹಳೆಯ ಲೈಕಾ ಕ್ಯಾಮೆರಾದ ಬಿಡಿಸಾಮಾನು ಮತ್ತು ಅದರ ಮೇಲಿನ ಬರಹ

ತಾಮ್ರಪಟಗಳನ್ನು ಸಂಪಾದಿಸಿದ ಹಳೆಯ ವಿದ್ವಾಂಸರ ಪೀಠಿಕೆಗಳನ್ನು ಓದಿದವರಿಗೆ ಒಂದು ವಿವರ ಪರಿಚಿತ. ತಗಡುಗಳು ತಮ್ಮ ಕೈಗೆ ಬಂದಾಗ ಉಂಗುರ ಕತ್ತರಿಸಿತ್ತೋ, ಹಾಗೇ ಇತ್ತೋ ಅನ್ನೋದನ್ನ ಅವರು ತಪ್ಪದೆ ಬರೆದಿಡುತ್ತಿದ್ದರು. ಉಂಗುರ ಹಾಗೇ ಇದ್ದರೆ ಈ ತಗಡುಗಳೆಲ್ಲ ಒಂದೇ ದಾನಕ್ಕೆ ಸೇರಿದವು, ಮುದ್ರೆಯೂ ಅದರದ್ದೇ ಎಂದು ಹೇಳಲು ಬಲವಾದ ಆಧಾರ ಸಿಗುತ್ತೆ. ಕತ್ತರಿಸಿದ್ದರೆ ನಡುವಿನ ತಗಡು ಬದಲಾಗಿರಬಹುದು, ಮುದ್ರೆ ಬೇರೆ ಕಡೆಯಿಂದ ಬಂದಿರಬಹುದು. ಅಕ್ಷರ ಎಷ್ಟೇ ಸ್ಪಷ್ಟವಾಗಿದ್ದರೂ ಸಾಕ್ಷಿಯ ತೂಕ ಕಡಿಮೆಯಾಗುತ್ತೆ.

ಇದೇ ಮಾತು ಒಂದು ಕ್ಯಾಮೆರಾ ಚೀಲಕ್ಕೂ ಅನ್ವಯಿಸುತ್ತೆ ಎಂಬುದು ಈ ಬರಹದ ವಾದ. ಶಾಸನಗಳ ಜಾಗದಲ್ಲಿ ಕ್ಯಾಮೆರಾ ಮಾತು ಯಾಕೆ ಅಂತ ಕೇಳಬಹುದು. ಕಾರಣ ಎರಡು. ಪಡಿಯಚ್ಚಿನ ಜೊತೆಗೆ ಫೋಟೋ ಕೂಡ ನಮ್ಮ ಕೆಲಸದ ಭಾಗವಾಗಿ ನೂರು ವರ್ಷಕ್ಕೂ ಮೇಲಾಯಿತು, ಹಳೆಯ ಸಲಕರಣೆಗಳು ಈ ಕ್ಷೇತ್ರದವರ ಮನೆಗಳಲ್ಲಿ ಇನ್ನೂ ಉಳಿದಿವೆ. ಎರಡನೆಯದಾಗಿ, ಲೋಹದ ಮೇಲೆ ಕೊರೆದ ಬರಹ ಯಾವ ಕಾಲದ್ದಾದರೂ ಅದನ್ನು ಓದುವ ಶಿಸ್ತು ಒಂದೇ. ಉದಾಹರಣೆಗೆ ಜರ್ಮನಿಯ ವೆಟ್ಸ್‌ಲಾರ್ ಊರಿನ ಅರ್ನ್ಸ್ಟ್ ಲೈಟ್ಸ್ ಕಂಪನಿಯ ಲೈಕಾವನ್ನೇ ತೆಗೆದುಕೊಳ್ಳೋಣ. ಆಸ್ಕರ್ ಬಾರ್ನಾಕ್ ರೂಪಿಸಿದ ಈ ಪುಟ್ಟ ಕ್ಯಾಮೆರಾ 1925ರ ಲೈಪ್‌ಜಿಗ್ ವಸಂತ ಮೇಳದಲ್ಲಿ ಮಾರುಕಟ್ಟೆಗೆ ಬಂತು. ಸಿನಿಮಾಕ್ಕೆ ಬಳಸುತ್ತಿದ್ದ 35 ಮಿ.ಮೀ. ಫಿಲ್ಮ್‌ನಲ್ಲಿ 24×36 ಮಿ.ಮೀ. ಚಿತ್ರ ತೆಗೆಯುವುದು ಅದರ ವಿಶೇಷ. ಕ್ಯಾಮೆರಾ ಚಿಕ್ಕದು, ಆದರೆ ಅದರ ಸುತ್ತ ಬೆಳೆದ ಬಿಡಿಸಾಮಾನುಗಳ ಸಂಸಾರ ಮಾತ್ರ ಬಹಳ ದೊಡ್ಡದು.

ಐದಕ್ಷರದ ಹೆಸರುಗಳು

ಲೈಟ್ಸ್ ಕಂಪನಿ ತನ್ನ ಪ್ರತಿಯೊಂದು ಸಾಮಾನಿಗೂ ರೋಮನ್ ಲಿಪಿಯ ಐದು ಅಕ್ಷರದ ಒಂದು ಸಂಕೇತಪದ ಕೊಟ್ಟಿತ್ತು. ಇದು ತಂತಿ ಕಾಲದ ಲೆಕ್ಕಾಚಾರ. ತಂತಿಗೆ ಪದದ ಲೆಕ್ಕದಲ್ಲಿ ದುಡ್ಡು. '5 ಸೆಂ.ಮೀ. ಎಲ್ಮಾರ್ ಲೆನ್ಸಿಗೆ ಹೊಂದುವ ಲೆನ್ಸ್ ಹುಡ್ ಕಳಿಸಿ' ಅಂತ ಬರೆಯುವ ಬದಲು 'ಫಿಸಾನ್' ಅಂದರೆ ಮುಗೀತು. ಫೋಡಿಸ್ ಅಂದರೆ ಕ್ಯಾಮೆರಾದ ನೆತ್ತಿಗೆ ಸಿಕ್ಕಿಸುವ ರೇಂಜ್‌ಫೈಂಡರ್. ಅಬ್ಲಾನ್ ಅಂದರೆ ಫಿಲ್ಮ್‌ನ ತುದಿಯನ್ನು ಸರಿಯಾದ ಆಕಾರಕ್ಕೆ ಕತ್ತರಿಸಲು ಬೇಕಾದ ಲೋಹದ ಅಚ್ಚು. ಫಿಲ್ಕಾ ಅಂದರೆ ಮತ್ತೆ ಮತ್ತೆ ತುಂಬಿ ಬಳಸುವ ಫಿಲ್ಮ್ ಡಬ್ಬಿ. ವಾಲೂ ಅಂದರೆ ಎಲ್ಮಾರ್ ಲೆನ್ಸನ್ನು ಎನ್ಲಾರ್ಜರ್‌ಗೆ ಹಾಕಿದಾಗ ಅಪರ್ಚರ್ ತಿರುಗಿಸಲು ಅನುಕೂಲವಾಗುವ ಉಂಗುರ. ನೂಕಿ ಎಂಬುದೂ ಒಂದಿದೆ, ಹತ್ತಿರದ ವಸ್ತುಗಳ ಫೋಟೋ ತೆಗೆಯುವ ಸಾಧನ. ಕನ್ನಡದ ಕಿವಿಗೆ ತಮಾಷೆಯಾಗಿ ಕೇಳಿದರೂ ಈ ಪದಗಳಲ್ಲಿ ಹೆಚ್ಚಿನವು ಯಾವ ಭಾಷೆಯ ಪದಗಳೂ ಅಲ್ಲ.

1960ರ ದಶಕದ ಹೊತ್ತಿಗೆ ಈ ಪದಗಳ ಜಾಗಕ್ಕೆ ಐದಂಕಿಯ ಸಂಖ್ಯೆಗಳು ಬಂದವು. ಹಿಂದೆ ಐ-ಆರ್-ಓ-ಓ-ಎ ಎಂಬ ಸಂಕೇತವಿದ್ದ ಲೆನ್ಸ್ ಹುಡ್ಡೇ ಆಮೇಲೆ 12571 ಆಯಿತು. ಒಂದೇ ವಸ್ತು, ಹೆಸರು ಎರಡು. ಹಳೆಯ ಊರಿನ ಹೆಸರು ಶಾಸನದಲ್ಲಿ ಒಂದು ಥರ, ಈಗಿನ ನಕ್ಷೆಯಲ್ಲಿ ಇನ್ನೊಂದು ಥರ ಇದ್ದಾಗ ನಾವು ಏನು ಮಾಡ್ತೀವೋ ಇಲ್ಲೂ ಅದನ್ನೇ ಮಾಡಬೇಕು, ಎರಡನ್ನೂ ಸೇರಿಸಿ ಬರೆದಿಡಬೇಕು.

ತೊಡಕು ಇರೋದು ಇನ್ನೊಂದು ಕಡೆ. ಈ ಸಂಕೇತಪದ ಎಲ್ಲ ಸಾಮಾನಿನ ಮೇಲೂ ಕೊರೆದಿರೋದಿಲ್ಲ. ಎಷ್ಟೋ ಸಲ ಅದು ರಟ್ಟಿನ ಪೆಟ್ಟಿಗೆಯ ಮೇಲೆ ಅಥವಾ ಕಂಪನಿಯ ಬೆಲೆಪಟ್ಟಿಯಲ್ಲಿ ಮಾತ್ರ ಇರುತ್ತೆ. ಪೆಟ್ಟಿಗೆ ಬಿಸಾಡಿದರೆ ಹೆಸರೇ ಹೋಯಿತು. ಉಳಿಯೋದು ಒಂದು ಅನಾಮಿಕ ಕಪ್ಪು ಉಂಗುರ.

ಕಾಲನಿರ್ಣಯ: ಸಂಖ್ಯೆ ಇಲ್ಲದ ವಸ್ತುವಿಗೆ ತೇದಿ ಎಲ್ಲಿಂದ?

ಲೈಕಾ ಕ್ಯಾಮೆರಾದ ಮೇಲೆ ಕ್ರಮಸಂಖ್ಯೆ ಇರುತ್ತೆ. ಅದನ್ನು ನೋಡಿ ತಯಾರಾದ ವರ್ಷವನ್ನು ಬಹುಮಟ್ಟಿಗೆ ಹೇಳಬಹುದು. ಬಿಡಿಸಾಮಾನುಗಳಲ್ಲಿ ಹೆಚ್ಚಿನವಕ್ಕೆ ಆ ಸೌಲಭ್ಯ ಇಲ್ಲ. ಅಂದರೆ ಇವು ತೇದಿ ಇಲ್ಲದ ಶಾಸನಗಳು. ಇವುಗಳ ಕಾಲವನ್ನು ಬರಹದ ಲಕ್ಷಣದಿಂದ, ಲೋಹದ ಲೇಪದಿಂದ, ಜೊತೆಗಿರುವ ವಸ್ತುಗಳಿಂದ ಊಹಿಸಬೇಕು.

ಬರಹದ ಲಕ್ಷಣಗಳು ಕೆಲವು ಹೀಗಿವೆ. 'ಡಿ.ಆರ್.ಪಿ.' ಎಂದು ಕೊರೆದಿದ್ದರೆ ಅದು ಜರ್ಮನ್ ರೈಖ್‌ನ ಪೇಟೆಂಟ್ ಎಂಬುದರ ಸಂಕ್ಷೇಪ, 1945ಕ್ಕೆ ಮುಂಚಿನ ವ್ಯವಸ್ಥೆಗೆ ಸೇರಿದ್ದು. ಲೆನ್ಸಿನ ಮೇಲೆ '1:3,5' ಎಂದು ದಶಮಾಂಶದ ಜಾಗದಲ್ಲಿ ಅಲ್ಪವಿರಾಮ ಕಂಡರೆ ಅದು ಜರ್ಮನರ ಬರವಣಿಗೆಯ ರೂಢಿ, ತಪ್ಪು ಅಲ್ಲ. ಹಳೆಯ ಲೆನ್ಸ್, ಫೈಂಡರ್‌ಗಳಲ್ಲಿ ಫೋಕಲ್ ಉದ್ದ ಸೆಂಟಿಮೀಟರಿನಲ್ಲಿ ಇರುತ್ತೆ, ಆಮೇಲಿನವುಗಳಲ್ಲಿ ಮಿಲಿಮೀಟರಿಗೆ ಬದಲಾಯಿತು. ಹಳೆಯ ಎಲ್ಮಾರ್‌ನಲ್ಲಿ ಅಪರ್ಚರ್ ಸಾಲು 3.5, 4.5, 6.3, 9, 12.5, 18 ಎಂದು ಸಾಗಿದರೆ, ಆಮೇಲಿನದರಲ್ಲಿ 3.5, 4, 5.6, 8, 11, 16 ಎಂದು ಬರುತ್ತೆ. 'ಮಿಡ್‌ಲ್ಯಾಂಡ್' ಅಥವಾ 'ಕೆನಡಾ' ಎಂಬ ಹೆಸರು ಕಂಡರೆ ಅದು 1952ಕ್ಕಿಂತ ಹಿಂದಿನದಲ್ಲ, ಯಾಕಂದರೆ ಒಂಟಾರಿಯೋದ ಕಾರ್ಖಾನೆ ಶುರುವಾದದ್ದೇ ಆಗ. ಲೇಪದ ವಿಷಯಕ್ಕೆ ಬಂದರೆ, ಮೊದಮೊದಲು ನಿಕಲ್, 1933ರ ಸುಮಾರಿನಿಂದ ಕ್ರೋಮ್. ನಿಕಲ್‌ನಲ್ಲಿ ತುಸು ಹಳದಿ ಛಾಯೆ, ಕ್ರೋಮ್‌ನಲ್ಲಿ ತಣ್ಣನೆಯ ಬಿಳುಪು.

ಎಲ್ಲಕ್ಕಿಂತ ಮುಖ್ಯವಾದ ಅಕ್ಷರ ಅಂದರೆ ಒಂದು ಸೊನ್ನೆ. 1930ರಲ್ಲಿ ಲೆನ್ಸ್ ಬದಲಾಯಿಸಬಹುದಾದ ಲೈಕಾ ಬಂದಾಗ ಪ್ರತಿ ಲೆನ್ಸನ್ನೂ ನಿರ್ದಿಷ್ಟ ಕ್ಯಾಮೆರಾಕ್ಕೇ ಹೊಂದಿಸಿ ಕೊಡುತ್ತಿದ್ದರು. ಅಂಥ ಲೆನ್ಸಿನ ಮೇಲೆ ಆ ಕ್ಯಾಮೆರಾದ ಸಂಖ್ಯೆಯ ಕೊನೆಯ ಮೂರು ಅಂಕಿ ಕೊರೆದಿರುತ್ತೆ. 1931ರಲ್ಲಿ ಲೆನ್ಸ್ ಕೂರುವ ಅಂಚಿನಿಂದ ಫಿಲ್ಮ್‌ಗೆ ಇರುವ ದೂರವನ್ನು 28.8 ಮಿ.ಮೀ. ಎಂದು ನಿಗದಿ ಮಾಡಿದರು. ಆಮೇಲೆ ಯಾವ ಲೆನ್ಸನ್ನಾದರೂ ಯಾವ ಕ್ಯಾಮೆರಾಕ್ಕಾದರೂ ಹಾಕಬಹುದಾಯಿತು. ಹಾಗೆ ನಿಗದಿಯಾದದ್ದರ ಗುರುತೇ ಕ್ಯಾಮೆರಾದ ಅಂಚಿನ ಮೇಲೂ ಲೆನ್ಸಿನ ಮೇಲೂ ಕೊರೆದ ಆ ಸೊನ್ನೆ. ಈಗ ಯೋಚಿಸಿ. ಮೂರಂಕಿ ಕೊರೆದ ಲೆನ್ಸ್ ಒಂದು ಕಡೆ, ಅದರ ಕ್ಯಾಮೆರಾ ಇನ್ನೊಂದು ಕಡೆ ಮಾರಾಟವಾಗಿ ಹೋದರೆ ಆ ಲೆನ್ಸ್ ಬೇರೆ ಕ್ಯಾಮೆರಾದಲ್ಲಿ ಫೋಕಸ್ ಸರಿಯಾಗಿ ಕೂರದೇ ಹೋಗಬಹುದು. ಆ ಮೂರಂಕಿಯ ಅರ್ಥವೂ ಯಾರಿಗೂ ಆಗೋದಿಲ್ಲ. ಉಂಗುರ ಕತ್ತರಿಸೋದು ಅಂದರೆ ಇದೇ.

ಸಂಖ್ಯೆ ಇದ್ದರೂ ಎಚ್ಚರ ಬೇಕು. ಗ್ರಾಹಕರು ಕಳಿಸಿಕೊಟ್ಟ ಹಳೆಯ ಲೈಕಾವನ್ನು ಕಾರ್ಖಾನೆಯೇ ಹೊಸ ಮಾದರಿಗೆ ಮಾರ್ಪಡಿಸಿ ಹಳೆಯ ಸಂಖ್ಯೆಯಲ್ಲೇ ವಾಪಸು ಕೊಡುತ್ತಿತ್ತು. ಹಳೆಯ ಕಲ್ಲಿನ ಮೇಲೆ ಮುಂದಿನ ತಲೆಮಾರಿನವರು ಹೊಸ ದಾನ ಬರೆಸಿದ ಹಾಗೆ, ಒಂದೇ ವಸ್ತುವಿನಲ್ಲಿ ಎರಡು ಕಾಲ. ಇಂಥ ಕಡೆ ಜೊತೆಗಿರುವ ಬಿಡಿಸಾಮಾನು ನೆರವಿಗೆ ಬರುತ್ತೆ. 1932ರ ಎರಡನೇ ಮಾದರಿಯಲ್ಲಿ ರೇಂಜ್‌ಫೈಂಡರ್ ಕ್ಯಾಮೆರಾದೊಳಗೇ ಸೇರಿತು, ಫೋಡಿಸ್‌ನ ಅಗತ್ಯ ತಪ್ಪಿತು. ಹಾಗಿದ್ದೂ ಚೀಲದಲ್ಲಿ ರೇಂಜ್‌ಫೈಂಡರ್ ಇರುವ ಕ್ಯಾಮೆರಾ, ಪಕ್ಕದಲ್ಲೊಂದು ಫೋಡಿಸ್ ಎರಡೂ ಇದ್ದರೆ ಪ್ರಶ್ನೆ ಏಳುತ್ತೆ: ಇದು ಮೊದಲು ರೇಂಜ್‌ಫೈಂಡರ್ ಇಲ್ಲದ ಕ್ಯಾಮೆರಾ ಆಗಿತ್ತೇ? ಮಾಲೀಕರು ಆಮೇಲೆ ಮಾರ್ಪಡಿಸಿಕೊಂಡರೇ? ಅಥವಾ ಯಾರೋ ಸಂಗ್ರಾಹಕರು ಈಚೆಗೆ ಸೇರಿಸಿದರೇ? ಫೋಡಿಸ್ ಮಾರಿಬಿಟ್ಟಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಇವು ಶಾಸನದವರ ಕೆಲಸಕ್ಕೆ ಒದಗಿದ ಬಗೆಯನ್ನೂ ಹೇಳಬೇಕು. ಹಳೆಯ ಎಲ್ಮಾರ್ ಒಂದು ಮೀಟರಿಗಿಂತ ಹತ್ತಿರಕ್ಕೆ ಫೋಕಸ್ ಆಗೋದಿಲ್ಲ. ಅಂಗೈಯಗಲದ ತಾಮ್ರದ ತಗಡನ್ನು ಅಷ್ಟು ದೂರದಿಂದ ತೆಗೆದರೆ ಅಕ್ಷರ ಇರುವೆ ಸಾಲು. ಅದಕ್ಕೇ ನೂಕಿಯಂಥ ಸಾಧನ, ಬೀಯೂನ್‌ನಂಥ ಪ್ರತಿ ತೆಗೆಯುವ ಸ್ಟ್ಯಾಂಡ್ ಬೇಕಾಗುತ್ತಿದ್ದದ್ದು. ಬೀಯೂನ್‌ನಲ್ಲಿ ಉಂಗುರಗಳನ್ನು ಬದಲಾಯಿಸಿ 1:1ರಿಂದ 1:3ರವರೆಗಿನ ಅಳತೆಯಲ್ಲಿ ತೆಗೆಯಬಹುದು. ಅದರ ಒಂದು ಉಂಗುರ ಕಳೆದರೂ ಒಂದು ಅಳತೆಯೇ ಕೈಬಿಟ್ಟಂತೆ. ಸವೆದ ಕಲ್ಲಿಗೆ ಪಕ್ಕದಿಂದ ಓರೆ ಬೆಳಕು ಬೀಳಿಸುವಾಗ ಲೆನ್ಸಿಗೆ ಹುಡ್ ಇಲ್ಲದಿದ್ದರೆ ಅಡ್ಡ ಬೆಳಕು ಒಳನುಗ್ಗಿ ಚಿತ್ರ ಮಂಕಾಗುತ್ತೆ. ಈ ಸಾಮಾನುಗಳನ್ನು ಅಲಂಕಾರಕ್ಕೆಂದು ಯಾರೂ ಕೊಳ್ಳುತ್ತಿರಲಿಲ್ಲ.

ಕೂಟಶಾಸನದ ಕಾಟ

ಪಶ್ಚಿಮ ಗಂಗರ ಎಷ್ಟೋ ತಾಮ್ರಪಟಗಳನ್ನು ಫ್ಲೀಟ್ ಕೂಟಶಾಸನ ಎಂದು ತಳ್ಳಿಹಾಕಿದ್ದು, ರೈಸ್ ಅವುಗಳ ಪರ ನಿಂತದ್ದು ಈ ಕ್ಷೇತ್ರದವರಿಗೆ ಗೊತ್ತಿರುವ ಕತೆ. ಹೇಳಿಕೊಂಡ ಕಾಲಕ್ಕೂ ಲಿಪಿಗೂ ತಾಳೆಯಾಗದಿರೋದು ಫ್ಲೀಟರ ಮುಖ್ಯ ಆಕ್ಷೇಪಗಳಲ್ಲೊಂದು. ಲೈಕಾ ಲೋಕದಲ್ಲೂ ಕೂಟಶಾಸನ ಬೇಕಾದಷ್ಟಿವೆ. ಸೋವಿಯತ್ ಒಕ್ಕೂಟದ ಖಾರ್ಕೀವ್‌ನಲ್ಲಿ 1934ರಿಂದ ಲೈಕಾ ಮಾದರಿಯನ್ನೇ ಅನುಸರಿಸಿ 'ಫೆಡ್' ಕ್ಯಾಮೆರಾ ತಯಾರಾಯಿತು, 1948ರಿಂದ ಕ್ರಾಸ್ನೊಗೊರ್ಸ್ಕ್‌ನಲ್ಲಿ 'ಜೋರ್ಕಿ' ಬಂತು. ಇವು ತಮ್ಮ ಹೆಸರಿನಲ್ಲಿ ಒಳ್ಳೆಯ ಕ್ಯಾಮೆರಾಗಳೇ. ಆಮೇಲಿನ ಕಾಲದಲ್ಲಿ ಇವುಗಳ ಹೆಸರು ಅಳಿಸಿ, 'ಲೈಕಾ' ಎಂದೂ, ಜರ್ಮನ್ ವಾಯುಸೇನೆಯ ಸ್ವತ್ತು ಎಂದೂ ಕೊರೆದು, ಹದ್ದಿನ ಚಿತ್ರ ಬಿಡಿಸಿ ಮಾರುವವರು ಹುಟ್ಟಿಕೊಂಡರು.

ಬರಹವನ್ನಷ್ಟೇ ನೋಡಿದವರು ಮೋಸ ಹೋಗ್ತಾರೆ. ಲೆನ್ಸ್ ಬಿಚ್ಚಿ ಒಳಗೆ ಇಣುಕಬೇಕು. ರೇಂಜ್‌ಫೈಂಡರಿಗೆ ಲೆನ್ಸಿನ ಚಲನೆ ಮುಟ್ಟಿಸುವ ಸಣ್ಣ ತೋಳಿನ ತುದಿಯಲ್ಲಿ ಲೈಕಾದಲ್ಲಾದರೆ ದುಂಡನೆಯ ಪುಟ್ಟ ಚಕ್ರ ಇರುತ್ತೆ, ಫೆಡ್, ಜೋರ್ಕಿಗಳಲ್ಲಿ ಚಕ್ರದ ಬದಲು ಮೊನೆಯಾದ ತುಂಡು. ಅಕ್ಷರ ಸುಳ್ಳು ಹೇಳಿದರೂ ದೇಹ ಹೇಳೋದಿಲ್ಲ. ಇಲ್ಲೊಂದು ಅಪಾಯ ಬಿಡಿಸಾಮಾನಿನ ಕಡೆಯಿಂದಲೂ ಇದೆ. ಸುಳ್ಳು ಕ್ಯಾಮೆರಾದ ಜೊತೆ ಒಂದು ಅಸಲಿ ಲೈಟ್ಸ್ ಹುಡ್ಡೋ ಫಿಲ್ಟರೋ ಇಟ್ಟರೆ ಇಡೀ ಗಂಟಿಗೆ ನಂಬಿಕೆ ಬಂದುಬಿಡುತ್ತೆ. ಅಸಲಿ ಮುದ್ರೆಯ ಉಂಗುರಕ್ಕೆ ಸುಳ್ಳು ತಗಡು ಪೋಣಿಸಿದ ಹಾಗೆ. ಬಿಡಿಬಿಡಿಯಾಗಿ ಚೆದುರಿದ ಅಸಲಿ ಸಾಮಾನು ಹೆಚ್ಚಾದಷ್ಟೂ ಇಂಥ ಗಂಟು ಕಟ್ಟೋದು ಸುಲಭ.

ಇಡುವ ಬಗೆ

ನಮ್ಮ ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ಈ ಸಾಮಾನು ಇಡೋದು ಹುಡುಗಾಟ ಅಲ್ಲ. ಗಾಳಿಯ ತೇವಾಂಶ ಶೇಕಡಾ 65-70 ದಾಟಿ ಬಹಳ ದಿನ ನಿಂತರೆ ಗಾಜಿನ ಮೇಲೆ ಬೂಷ್ಟು ಹಿಡಿಯುತ್ತೆ. ಅದು ಜೇಡರ ಬಲೆಯಂತೆ ಹರಡಿ ಕೊನೆಗೆ ಗಾಜಿನ ಲೇಪವನ್ನೇ ಕೊರೆಯುತ್ತೆ. ಶೇಕಡಾ 40ರಿಂದ 50 ಹಿತವಾದ ಮಟ್ಟ. ಅದಕ್ಕಿಂತ ಬಹಳ ಒಣಗಿಸಿದರೆ ಚರ್ಮ ಬಿರುಕು ಬಿಡುತ್ತೆ. ಬಿಗಿ ಮುಚ್ಚಳದ ಡಬ್ಬಿ, ಒಳಗೆ ಸಿಲಿಕಾ ಜೆಲ್, ಪಕ್ಕದಲ್ಲೊಂದು ತೇವಮಾಪಕ ಇಷ್ಟಿದ್ದರೆ ಸಾಕು. ಹರಳಿನ ಬಣ್ಣ ಬದಲಾದಾಗ ಬಿಸಿ ಮಾಡಿ ಒಣಗಿಸಿ ಮತ್ತೆ ಬಳಸಬಹುದು.

ಚರ್ಮದ ಕೇಸಿನೊಳಗೇ ಸಾಮಾನು ಇಡಬಾರದು. ಚರ್ಮ ತೇವ ಹೀರಿಕೊಳ್ಳುತ್ತೆ, ಅದರ ಎಣ್ಣೆ ಹಿತ್ತಾಳೆಗೆ ತಾಗಿ ಹಸಿರು ಕಿಲುಬು ಕಟ್ಟುತ್ತೆ. ಕೇಸನ್ನು ಬಿಸಾಡಲೂಬಾರದು, ಅದೂ ಸಾಕ್ಷಿಯೇ. ಬೇರೆ ಡಬ್ಬಿಯಲ್ಲಿಟ್ಟು ಎರಡಕ್ಕೂ ಒಂದೇ ಗುರುತುಸಂಖ್ಯೆ ಕೊಡಿ. ಸ್ಪಂಜಿನ ಹಾಸು ವರ್ಷಗಳಾದ ಮೇಲೆ ಪುಡಿಯಾಗಿ ಅಂಟಂಟಾಗುತ್ತೆ, ರಬ್ಬರ್ ಬ್ಯಾಂಡು ಲೋಹವನ್ನು ಕಪ್ಪಾಗಿಸುತ್ತೆ, ನುಸಿಗುಳಿಗೆಯ ಆವಿ ಗಾಜಿನ ಮೇಲೆ ಕೂರುತ್ತೆ. ಒಗೆದು ಒಣಗಿಸಿದ ಹತ್ತಿ ಬಟ್ಟೆ, ಆಮ್ಲರಹಿತ ಕಾಗದ ಒಳ್ಳೆಯದು. ಫಿಲ್ಕಾದಂಥ ಡಬ್ಬಿಯ ಹೊರಕವಚ, ಒಳಕವಚ, ಸ್ಪೂಲ್ ಮೂರನ್ನೂ ಬೇರೆ ಮಾಡದೆ ಒಟ್ಟಿಗೇ ಇಡಿ.

ಉಜ್ಜುವ ಆಸೆಯನ್ನಂತೂ ಬಿಡಲೇಬೇಕು. ತಾಮ್ರಪಟವನ್ನು ಹುಣಸೆಹಣ್ಣು ಹಾಕಿ ಫಳಫಳ ಹೊಳೆಯಿಸಿದರೆ, ಗುಡಿಯ ಶಾಸನದ ಅಕ್ಷರಕ್ಕೆ ಎಣ್ಣೆ ಬಣ್ಣ ತುಂಬಿದರೆ ನಮಗೆ ಎಷ್ಟು ಸಂಕಟ ಆಗುತ್ತೆ ನೋಡಿ. ಲೈಕಾ ಸಾಮಾನಿನ ಕೊರೆದ ಅಕ್ಷರಗಳಲ್ಲೂ ಕಾರ್ಖಾನೆ ತುಂಬಿದ ಬಣ್ಣ ಇರುತ್ತೆ. ಕಟುವಾದ ದ್ರಾವಣದಲ್ಲಿ ಉಜ್ಜಿದರೆ ಅದು ಕಿತ್ತುಬರುತ್ತೆ, ನಿಕಲ್ ಲೇಪ ಸವೆಯುತ್ತೆ. ಮತ್ತೆ ಹೊಸ ಬಣ್ಣ ತುಂಬಿದರೆ ಅಸಲಿ ಯಾವುದು, ತಿದ್ದಿದ್ದು ಯಾವುದು ಅನ್ನೋದು ಮುಂದಿನವರಿಗೆ ತಿಳಿಯೋದಿಲ್ಲ. ಮೆತ್ತನೆಯ ಬ್ರಷ್ಷಿನಲ್ಲಿ ಧೂಳು ಒರೆಸಿದರೆ ಬೇಕಾದಷ್ಟಾಯಿತು.

ಅಜ್ಜನ ಕಾಲದ ಚೀಲವೊಂದು ಅಟ್ಟದಿಂದ ಇಳಿದಾಗ ಮಾಡಬೇಕಾದ ಮೊದಲ ಕೆಲಸ ಒರೆಸೋದೂ ಅಲ್ಲ, ಬೆಲೆ ವಿಚಾರಿಸೋದೂ ಅಲ್ಲ. ಯಾವುದು ಯಾವುದರೊಳಗೆ ಇತ್ತು, ಯಾವುದರ ಪಕ್ಕ ಇತ್ತು ಅನ್ನೋದನ್ನ ಹಾಗೇ ಫೋಟೋ ತೆಗೆದು, ಪ್ರತಿ ವಸ್ತುವಿನ ಮೇಲಿನ ಬರಹವನ್ನು ಅಕ್ಷರ ಬಿಡದೆ ಬರೆದುಕೊಳ್ಳೋದು. ಅಲ್ಪವಿರಾಮ ಇದ್ದರೆ ಅಲ್ಪವಿರಾಮವನ್ನೇ ಬರೀರಿ, ಸೊನ್ನೆ ಇದ್ದರೆ ಅದು ಎಲ್ಲಿದೆ ಅಂತ ಬರೀರಿ, ಅಳಿಸಿದ್ದರೆ ಅಳಿಸಿದೆ ಅಂತಲೇ ಬರೀರಿ. ಅಂಗಡಿಯವರು ಬಿಡಿಬಿಡಿಯಾಗಿ ಕೊಟ್ಟರೆ ಹೆಚ್ಚು ಬೆಲೆ ಬರುತ್ತೆ ಅಂತ ಹೇಳಬಹುದು, ಅದು ನಿಜವೂ ಇರಬಹುದು. ಮಾರೋದು ಬಿಡೋದು ನಿಮ್ಮ ಇಷ್ಟ. ಆದರೆ ಚೆದುರುವ ಮೊದಲು ಆ ಒಂದು ಪಟ್ಟಿ ಆಗಿರಲಿ. ಉಂಗುರ ಕತ್ತರಿಸಲೇಬೇಕಾಗಿ ಬಂದಾಗಲೂ, ಕತ್ತರಿಸುವ ಮುಂಚೆ ಅದರಲ್ಲಿ ಎಷ್ಟು ತಗಡು ಇದ್ದವು ಅಂತ ಎಣಿಸಿ ಬರೆದವರಿಂದಲೇ ನಮ್ಮ ಶಾಸ್ತ್ರ ಉಳಿದಿದೆ.